ಅಕ್ಕನ ಕಂಪ್ಯೂಟರ್ ಏಳುವುದಿಲ್ಲ

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ

ಇವತ್ತೂ ಏಳಲಿಲ್ಲ. ಬಟನ್ ಒತ್ತಿದೆ. ಫ್ಯಾನ್ ಗುಂಯ್ ಎಂದಿತು, ಹಸಿರು ದೀಪ ಬಂತು, ಆಮೇಲೆ ಕಪ್ಪು ಪರದೆ. 'ಈ ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿರಲಿಲ್ಲ.' ಮಾಡಿರಲಿಲ್ಲವಂತೆ! ನಿನ್ನೆ ನಾನು ಅದನ್ನು ಮುಟ್ಟಿಯೇ ಇಲ್ಲ. ಮಧ್ಯಾಹ್ನ ತಾನಾಗಿ ಆರಿಹೋಗಿತ್ತು. ಆರುವುದು ಅದು, ಅನ್ನಿಸಿಕೊಳ್ಳುವುದು ನಾನು.

ಆಫ್ ಮಾಡಿ, ಆನ್ ಮಾಡಿ, ಮತ್ತೆ ಆಫ್ ಮಾಡಿ... ಕೊನೆಗೆ ಎದ್ದಿತು. ಅಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆ ಗಿರಾಕಿಯ ಕೋಟಿನ ಮೇಲೇ ಕೂತಿತ್ತು. ಸದ್ಯ, ಸುಡಲಿಲ್ಲ.

ನನ್ನ ಹೊಲಿಗೆ ಕೆಲಸಕ್ಕೆ ಕಂಪ್ಯೂಟರ್ ಯಾಕೆ ಬೇಕು? ಅದು ಅಕ್ಕನ ಬಾಯಿ. ಸ್ಟ್ರೋಕ್ ಆದಾಗ ಮಾತೂ ಹೋಯಿತು, ಬಲಗೈಯೂ ಹೋಯಿತು. ಬರೆಯಲು ಹೋದರೆ ಅಕ್ಷರಗಳು ಕಲಸಿಹೋಗುತ್ತವೆ. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ. ಪರದೆಯ ಮೇಲೆ ನಲವತ್ತು ಚಿತ್ರ. ಎಡಗೈಯಲ್ಲಿ ಒಂದನ್ನು ಒತ್ತಿದರೆ ಕಂಪ್ಯೂಟರ್ ಆ ಮಾತು ಹೇಳುತ್ತದೆ — 'ನೀರು ಕೊಡು', 'ಬೆನ್ನು ನೋಯ್ತಿದೆ'. ಮಾತು ಆರಿಸಿದ್ದು ನಾನು, ಧ್ವನಿಯೂ ನನ್ನದೇ. ಅವಳಿಗೆ ಮಾತಿನ ತರಬೇತಿ ಕೊಡುವ ಸ್ಪೀಚ್ ಮೇಡಂ ಮೊದಲೇ ಎಚ್ಚರಿಸಿದ್ದಾರೆ: ಈಗಲೇ ಅಭ್ಯಾಸ ಆಗಬೇಕು, ತಪ್ಪಿದರೆ ಅವಳು ಮಾತಾಡುವ ಆಸೆಯನ್ನೇ ಬಿಟ್ಟುಬಿಡುತ್ತಾಳೆ.

ಇವಳು ಬಸ್ ನಿಲ್ದಾಣದ ಮೈಕಿನಲ್ಲಿ ಅನೌನ್ಸ್ ಮಾಡುತ್ತಿದ್ದವಳು. ಬಾಯಿ ತೆರೆದರೆ ಇಡೀ ನಿಲ್ದಾಣ ಕಿವಿಗೊಡುತ್ತಿತ್ತು. ಈಗ ಅವಳ ಮಾತೆಲ್ಲ ಈ ಡಬ್ಬದ ಮರ್ಜಿಯಲ್ಲಿದೆ.

ಮಾರ್ಚ್ 5, ಸಂಜೆ

ಮತ್ತೆ ಆರಿತ್ತು. ನೆಟ್‌ನಲ್ಲಿ ಹುಡುಕಿದೆ. 'ಪಿಸಿ ಡಾಕ್ಟರ್ — ಪೂರ್ತಿ ಉಚಿತ' ಎಂದು ಒಂದು ಸಿಕ್ಕಿತು. ಹಾಕಿದೆ. ಹಾಕಿದ ಕೂಡಲೇ ರಾಶಿ ರಾಶಿ ತೊಂದರೆ ಹುಡುಕಿ ತೋರಿಸಿತು. ನಾನು ಅಂದುಕೊಂಡಿದ್ದೇ ಸರಿ.

ಮಾರ್ಚ್ 6

ಪರದೆ ತುಂಬ ಕೆಂಪು. ಸೈರನ್. 'ಎಚ್ಚರಿಕೆ! ವೈರಸ್! ಆಫ್ ಮಾಡಬೇಡಿ! ಕೂಡಲೇ ಈ ನಂಬರಿಗೆ ಕರೆ ಮಾಡಿ!' ಕೈಯಲ್ಲಿದ್ದ ಗುಂಡುಸೂಜಿ ಡಬ್ಬಿ ನೆಲದ ಪಾಲು. ಎದ್ದುಬಿದ್ದು ಓಡಿಬಂದರೆ ಅಕ್ಕ ನಗುತ್ತಿದ್ದಾಳೆ. ಆಸ್ಪತ್ರೆಯಿಂದ ಬಂದಮೇಲೆ ಇದೇ ಮೊದಲು. ಮನೆಗೆ ಬೆಂಕಿ ಬಿದ್ದ ಹಾಗೆ ಅದು ಕೂಗುತ್ತಿದೆ, ಇವಳಿಗೆ ಭುಜ ಕುಲುಕುವಷ್ಟು ನಗು!

ಫೋನ್ ಮಾಡಿದೆ.

"ಮೇಡಂ, ನಿಮ್ಮ ಕಂಪ್ಯೂಟರ್ ತುಂಬಾ ಡೇಂಜರ್‌ನಲ್ಲಿದೆ. ಕಾರ್ಡ್ ನಂಬರ್ ಹೇಳಿ, ಈಗ್ಲೇ ಸರಿಮಾಡ್ತೀವಿ."

"ವೈರಸ್ ಬಂದಿರೋದು ಕಂಪ್ಯೂಟರಿಗೋ ನನ್ನ ಕಾರ್ಡಿಗೋ?"

"ತಡ ಮಾಡಿದ್ರೆ ಎಲ್ಲಾ ಡಿಲೀಟ್ ಆಗತ್ತೆ ಮೇಡಂ."

"ಅದು ನಮ್ಮಕ್ಕನ ಮಾತು ಕಣಯ್ಯಾ! ಬಾಯಿ ಬಿದ್ದುಹೋದವಳ ಮಾತು! ಅದನ್ನ ಹಿಡ್ಕೊಂಡು ದುಡ್ಡು ಕೀಳ್ತೀಯಲ್ಲ, ನಿನಗೇನೂ ಅನ್ಸಲ್ವಾ? ನಿಮ್ಮನೇಲಿ ಅಕ್ಕತಂಗಿ ಇಲ್ವಾ?"

ಜನ್ಮ ಜಾಲಾಡಿದೆ. ಅವನೇ ಫೋನ್ ಇಟ್ಟ. ಸ್ವಲ್ಪ ಹೊತ್ತು ಬಿಟ್ಟು ನಾನೇ ಮತ್ತೆ ಮಾಡಿದೆ, ಬೈಗುಳ ಇನ್ನೂ ಉಳಿದಿತ್ತು. ಎತ್ತಲಿಲ್ಲ, ಹೇಡಿ.

ಮಾರ್ಚ್ 8, ಶನಿವಾರ

ರಿಪೇರಿಯವನು ಬಂದ. ಏನು ಕೇಳಿದರೂ "ರೀಸ್ಟಾರ್ಟ್ ಮಾಡಿ ನೋಡಿದ್ರಾ?" ಅನ್ನುತ್ತಾನೆ. ಹಾಗಾಗಿ ನಮ್ಮ ಮನೆಯಲ್ಲಿ ಅವನ ಹೆಸರೇ ರೀಸ್ಟಾರ್ಟ್.

"ಈ ಡಾಕ್ಟರ್‌ನ ಯಾರು ಹಾಕಿದ್ದು ಆಂಟಿ?"

ಆಂಟಿಯಂತೆ. ನನಗಿಂತ ಅವನ ತಲೆಯೇ ಹೆಚ್ಚು ನೆರೆತಿದೆ.

"ನಾನೇ. ಯಾಕೆ?"

"ಕೆಂಪು ಪರದೆ, ಸೈರನ್, ಎಲ್ಲಾ ಇದರದ್ದೇ. ಹೆದರಿಸೋದೂ ಇವರೇ, ಸರಿಮಾಡ್ತೀವಿ ಅಂತ ಕಾಸು ಕೇಳೋದೂ ಇವರೇ."

ಕಿತ್ತುಹಾಕಿದ. ಸೈರನ್ ನಿಂತಿತು. ಅಕ್ಕನ ನಲವತ್ತು ಮಾತೂ ಇದ್ದ ಹಾಗೇ ಇವೆ. ಅಬ್ಬಾ ಎಂದು ಕೂರುವಷ್ಟರಲ್ಲಿ ಇನ್ನೊಂದು ಮಾತು ಎತ್ತಿದ.

"ಆದ್ರೆ ಸ್ಟಾರ್ಟ್ ಆಗದೇ ಇರೋದು ಇದರಿಂದ ಅಲ್ಲ. ಓಡ್ತಿರುವಾಗಲೇ ಯಾರೋ ಕರೆಂಟ್ ತೆಗೀತಿದ್ದಾರೆ."

"ಯಾರಪ್ಪಾ ತೆಗೀತಾರೆ? ಇರೋದು ನಾನು, ನಮ್ಮಕ್ಕ. ಅವಳಿಗೆ ಎದ್ದು ನಿಲ್ಲೋಕೇ ನಾನು ಬೇಕು."

"ಹಾಗಾದ್ರೆ ಎಕ್ಸ್‌ಟೆನ್ಶನ್ ಬೋರ್ಡ್ ಲೂಸ್ ಇರಬೇಕು."

ಇದನ್ನು ಮೊದಲೇ ಹೇಳಬಾರದಿತ್ತೇ? ಟೇಬಲ್ ಕೆಳಗಿನ ಬೋರ್ಡ್ ನೋಡಿದಾಗಲೆಲ್ಲ ಸ್ವಿಚ್ ಆಫ್ ಆಗಿರುತ್ತಿತ್ತು. ನಾಳೆಯೇ ಹೊಸದು ತರುತ್ತೇನೆ.

ಮಾರ್ಚ್ 14

ಹೊಸ ಬೋರ್ಡೂ ಕೈಕೊಟ್ಟಿತು!

ಎದುರು ಮನೆಯಾಕೆ ಬಂದಿದ್ದರು. ಅಕ್ಕ ಎಷ್ಟು ಕಲಿತಿದ್ದಾಳೆ ನೋಡಲಿ ಎಂದು ಮಾತಾಡಿಸಿ ತೋರಿಸಿದೆ. "ಒತ್ತು ಅಕ್ಕಾ, 'ಚೆನ್ನಾಗಿದ್ದೀನಿ' ಒತ್ತು. ಈಗ 'ಥ್ಯಾಂಕ್ಸ್' ಒತ್ತು." ಒತ್ತಿದಳು. ಆಕೆ ಚಪ್ಪಾಳೆ ತಟ್ಟಿದರು. ಅವರನ್ನು ಬಾಗಿಲವರೆಗೆ ಬಿಟ್ಟು ಬರುವಷ್ಟರಲ್ಲಿ ಕಪ್ಪು ಪರದೆ.

ಅಂಗಡಿಗೆ ಹೋಗಿ ಬೋರ್ಡನ್ನು ಕೌಂಟರ್ ಮೇಲೆ ಕುಕ್ಕಿದೆ. ಅಂಗಡಿಯವನು ಬಲ್ಬ್ ಹಾಕಿದ, ಅಲ್ಲಾಡಿಸಿದ, ತಲೆಕೆಳಗು ಮಾಡಿದ. ಆರಲೇ ಇಲ್ಲ. ಅಂಗಡಿಯಲ್ಲಿ ಎಷ್ಟು ಸಾಧು! ಎಲ್ಲರ ಎದುರಿಗೆ ನನ್ನನ್ನು ಪೆದ್ದಿ ಮಾಡಿತು.

ಮಾರ್ಚ್ 15, ಮಧ್ಯಾಹ್ನ

ಕಂಡೆ. ಕಣ್ಣಾರೆ ಕಂಡೆ.

ಕತ್ತರಿಯನ್ನು ಅಕ್ಕನ ಕೋಣೆಯಲ್ಲೇ ಮರೆತು, ತರಲು ವಾಪಸ್ ಬಂದಿದ್ದೆ. ಅಕ್ಕ ಕೂತ ಕುರ್ಚಿಯಿಂದ ಏಳದೆ, ಎಡಗೈಯಲ್ಲಿ ಊರುಗೋಲು ಹಿಡಿದು, ಅದರ ರಬ್ಬರ್ ತುದಿಯನ್ನು ಟೇಬಲ್ ಕೆಳಗೆ ತೂರಿಸಿ — ಟಕ್. ಒಂದೇ ಏಟಿಗೆ. ಎಷ್ಟು ಪಳಗಿದ ಕೈ!

ಕೂಗಾಡಿದೆ. ರೀಸ್ಟಾರ್ಟ್, ಸೈರನ್, ಅಂಗಡಿಯ ಅವಮಾನ, ಎಲ್ಲ ಹೇಳಿದೆ. "ನಿನ್ನ ಬಾಯಿಗೆ ನೀನೇ ಬೀಗ ಹಾಕ್ಕೋತೀಯಾ? ಯಾರಿಗೋಸ್ಕರ ಒದ್ದಾಡ್ತಿದ್ದೀನಿ ನಾನು?" ಕಣ್ಣು ತಗ್ಗಿಸಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ನನ್ನನ್ನೇ ನೋಡಿದಳು.

ಅವಳ ಜೊತೆ ಮಾತು ಬಿಟ್ಟಿದ್ದೇನೆ. ಯಾರ ಜೊತೆ ಮಾತು ಬಿಟ್ಟೆ ನೋಡು!

ಮಾರ್ಚ್ 19, ಬುಧವಾರ

ಸ್ಪೀಚ್ ಮೇಡಂ ಬಂದರು. ದೂರು ಕೊಟ್ಟೆ. ಅವರು ಅಕ್ಕನ ಪಕ್ಕ ಕೂತು ನಲವತ್ತನ್ನೂ ಒಂದೊಂದಾಗಿ ಒತ್ತಿ ಕೇಳಿದರು. ನೀರು ಕೊಡು. ದಯವಿಟ್ಟು ಹೊದಿಸು. ಚೆನ್ನಾಗಿದ್ದೀನಿ. ತುಂಬಾ ಥ್ಯಾಂಕ್ಸ್. ಸಾರಿ, ನಿನಗೆ ತೊಂದರೆ ಕೊಟ್ಟೆ...

"ಇದರಲ್ಲಿ 'ಬೇಡ' ಎಲ್ಲಿದೆ?"

"ಅದಕ್ಕೆ ತಲೆ ಅಲ್ಲಾಡಿಸ್ತಾಳಲ್ಲ."

"ನೀವು ನೋಡಿದ್ರೆ ತಾನೇ? ಅವರಿಗೆ ಕೋಪ ಬಂದ್ರೆ ಯಾವುದನ್ನ ಒತ್ತಬೇಕು?"

"ಕೋಪ ಯಾಕೆ ಬರಬೇಕು? ನಾನು ಎಲ್ಲಾ ಮಾಡ್ತಿದ್ದೀನಲ್ಲ!"

ಅಕ್ಕ ಕೋಲು ಎತ್ತಿದಳು. ಟೇಬಲ್ ಕೆಳಗಿನ ಸ್ವಿಚ್ ತೋರಿಸಿದಳು. ಆಮೇಲೆ ನನ್ನನ್ನು ತೋರಿಸಿದಳು.

"ಅದೇ ಅವರ 'ಬೇಡ'," ಅಂದರು ಮೇಡಂ.

ಮೈ ಉರಿದುಹೋಯಿತು. ಹಗಲೂ ರಾತ್ರಿ ನೋಡಿಕೊಂಡವಳಿಗೆ ಇದು ಬಹುಮಾನ! ಅಳು ಬಂತು. ಅಳು ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮಾರ್ಚ್ 22

ಹೊಸ ಬಟನ್‌ಗಳ ಕೆಲಸ. ಕಂಪ್ಯೂಟರಿನದೇ ಬೇರೆ ಹೆಂಗಸಿನ ಧ್ವನಿಯೂ ಇದೆ, ಅದನ್ನೇ ಹಾಕಲೇ ಎಂದು ಕೇಳಿದೆ. ಅಕ್ಕ ನನ್ನನ್ನೇ ತೋರಿಸಿದಳು.

ಮೈಕ್ ಹಿಡಿದು "ಬೇಡ" ಅಂದೆ. ಕೋಲು ನೆಲಕ್ಕೆ ಕುಟ್ಟಿತು. ಮತ್ತೆ ಅಂದೆ. ಮತ್ತೆ ಕುಟ್ಟಿತು. ಗೋಗರೆದ ಹಾಗೆ ಬರುತ್ತಿತ್ತೋ ಏನೋ. ಅಂಗೈ ಕೆಳಗಿಳಿಸಿ ತೋರಿಸಿದಳು — ಕಿರುಚಬೇಡ. ಎದೆ ತಟ್ಟಿಕೊಂಡಳು — ಇಲ್ಲಿಂದ ಬರಲಿ. ನಿಲ್ದಾಣಕ್ಕೆ ಸೇರಿದ ಹೊಸಬರನ್ನು ತಿದ್ದುತ್ತಿದ್ದ ಅದೇ ಮುಖ. ಎಷ್ಟು ತಿಂಗಳಾಯಿತು ಆ ಮುಖ ನೋಡಿ.

'ಸುಮ್ಮನಿರು' ಇನ್ನೂ ಕಷ್ಟ. ನನಗೆ ನಾನೇ ಬೈದುಕೊಳ್ಳಬೇಕು, ಅದೂ ಅವಳು ಒಪ್ಪುವಷ್ಟು ಚೆನ್ನಾಗಿ!

ಕೊನೆಗೆ ಪಕ್ಕದ ಸ್ಟೂಲ್ ತೋರಿಸಿದಳು. ಸ್ಟೂಲ್ ಬೇಕಾ? ಕುಟ್ಟು. ಕಾಲು ಚಾಚೋಕಾ? ಕುಟ್ಟು. ತೆಗೀಬೇಕಾ? ಕುಟ್ಟು, ಕುಟ್ಟು. ಕೇಳಿ ಕೇಳಿ ಸೋತು ಅದರ ಮೇಲೇ ಕುಸಿದೆ. ಕೋಲು ಸುಮ್ಮನಾಯಿತು. ತಲೆಯಾಡಿಸಿದಳು.

'ಬಂದು ಕೂತ್ಕೋ.' ಅದು ಮಾತ್ರ ಮೊದಲ ಸಲಕ್ಕೇ ಸರಿ ಬಂತು.

ಮಾರ್ಚ್ 24, ಸಂಜೆ

ಕಂಪ್ಯೂಟರ್ ಒಂದೇ ಸಲಕ್ಕೆ ಏಳುತ್ತಿದೆ. ಸ್ವಿಚ್ಚಿನ ತಂಟೆಗೆ ಕೋಲು ಹೋಗಿಲ್ಲ. ಆದರೆ ಬೆಳಿಗ್ಗೆಯಿಂದ ಬರೀ 'ಬೇಡ'! ಕಾಫಿ ಬೇಡ, ಸ್ವೆಟರ್ ಬೇಡ, ಎದುರು ಮನೆಯಾಕೆ ಮಾತಾಡಿಸಿದರೆ ಮುಖಕ್ಕೆ ಹೊಡೆದ ಹಾಗೆ ಬೇಡ. ಅದೂ ನನ್ನ ಧ್ವನಿಯಲ್ಲಿ. ಆಕೆ ನನ್ನ ಕಡೆ ತಿರುಗಿ ನೋಡಿದರು. ಇಷ್ಟೆಲ್ಲ ಮಾಡಿದ್ದಕ್ಕೆ ನನಗೆ —

'ಸುಮ್ಮನಿರು.'

ಒಳಗಿನಿಂದ. ನಾನು ಬಾಯಿ ಬಿಟ್ಟೇ ಇಲ್ಲ, ಬರೆಯುತ್ತಿದ್ದೇನೆ ಅಷ್ಟೇ! ಪೆನ್ನು ಒತ್ತುವ ಸದ್ದಿಗೇ ಇವಳಿಗೆ ತಿಳಿಯುತ್ತದೆ. ಇನ್ನು ಆ ರೀಸ್ಟಾರ್ಟ್ ಬೀದಿಯಲ್ಲಿ ಸಿಕ್ಕಿ ಮತ್ತೆ ಆಂಟಿ ಅಂದ, ಅದೂ ಎಲ್ಲರ...

'ಬಂದು ಕೂತ್ಕೋ.'

ಕಾಲರ್ ಹೊಲಿದು ಮುಗಿಸಿ ಬರ್ತೀನಿ ಎಂದು ನೆಪ ಹೇಳಿದೆ.

'ಬೇಡ. ಬಂದು ಕೂತ್ಕೋ.'

ಎರಡು ಬಟನ್ ಸೇರಿಸಿ ಒತ್ತುವುದನ್ನು ಇವಳಿಗೆ ಯಾರು ಹೇಳಿಕೊಟ್ಟರು? ನಾನಂತೂ ಹೇಳಿ—