ಮುಚ್ಚದ ಪಕ್ಕದ ತಗಡು

ಮಗಳೇ,

ಉದ್ದನೆಯ ಸ್ಕ್ರೂ ತರಲು ಹಾರ್ಡ್‌ವೇರ್ ಅಂಗಡಿಗೆ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿ.

ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡನ್ನು ಗುಜರಿಗೆ ಹಾಕಬೇಡ. ಹಾರ್ಡ್ ಡಿಸ್ಕ್ ಕೂರಿಸಲು ಅದರಲ್ಲಿ ನಿನ್ನ ಗಂಡ ಮಡಚಿದ ಪಟ್ಟಿಗಳು ಗಟ್ಟಿಯಾಗಿಯೇ ಇವೆ, ಅಲ್ಲಾಡಿಸಿ ನೋಡಿದೆ. ತಗಡು ಮುಚ್ಚದಿರುವುದು ಕೇಬಲ್ಲಿನಿಂದ. ಅವನು, ಅಂದರೆ ನನ್ನ ಮಗರಾಯ, ಡಿಸ್ಕಿನ ಅಳತೆ ಹಿಡಿದ. ಅದಕ್ಕೆ ಸಿಕ್ಕಿಸುವ ಕೇಬಲ್ಲನ್ನು ಮರೆತ. ಅಡುಗೆಮನೆಯ ಕಪಾಟು ಮಾಡಿದಾಗ ಹಿಡಿಕೆಯನ್ನು ಮರೆತಿದ್ದ. ಇವತ್ತಿಗೂ ಅದು ಫ್ರಿಜ್ಜಿಗೆ ತಾಗಿ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಕೇಳಿದರೆ, "ಅರ್ಧ ತೆಗೆದ್ರೆ ಸಾಲ್ದೇನಪ್ಪ, ಒಳಗೆ ಹೋಗಿ ಮಲಗ್ಬೇಕಾ ನೀನು?" ಅಂದಿದ್ದ.

ಹೊಸ ತಗಡು ಕತ್ತರಿಸುತ್ತೇನೆ ಅಂತ ನಿನ್ನೆ ನೀನು ಅಂದಾಗ ನಾನು ಊಟ ಬಿಟ್ಟು ಎದ್ದದ್ದು ಉಪ್ಪು ಹೆಚ್ಚಾಗಿತ್ತು ಅಂತಲ್ಲ. ಹೆಚ್ಚಾಗಿತ್ತು, ಅದು ಬೇರೆ ಮಾತು. ನಿನ್ನ ಕೆಲಸ ಅವನದಕ್ಕಿಂತ ಚೊಕ್ಕ, ನನಗೆ ಗೊತ್ತು. ಆದರೆ ಅವನು ಕೆಡಿಸಿದ್ದನ್ನೆಲ್ಲ ನಾವು ಸರಿಮಾಡುತ್ತ ಹೋದರೆ, ಅವನದು ಅಂತ ಈ ಮನೆಯಲ್ಲಿ ಏನೂ ಉಳಿಯುವುದಿಲ್ಲ.

ತಗಡನ್ನು ಬೆರಳಗಲ ಹೊರಗೆ ನಿಲ್ಲಿಸಿ ಸ್ಕ್ರೂ ಬಿಗಿದರಾಯಿತು. ಸಂದಿಯಲ್ಲಿ ಧೂಳು ಕೂರುತ್ತದೆ, ನಾನು ಒರೆಸುತ್ತೇನೆ. ಕಂಪ್ಯೂಟರಿನ ಫ್ಯಾನಿನ ಸದ್ದು ಪಕ್ಕದ ನನ್ನ ಕೋಣೆಗೆ ಬರುತ್ತದೆ ಅಂತ ನೀನು ಸಂಕೋಚಪಡಬೇಡ. ಅವನು ತೀರಿಕೊಂಡ ಮೇಲೆ ಆ ಗೋಡೆಯಾಚೆಯಿಂದ ನನಗೆ ಏನೂ ಕೇಳಿಸಿಲ್ಲ.

ಮಾವ