ಎಂಟು ಸಲ ಬೇಡ

ಮೇ 8, ಗುರುವಾರ. ಬೆಳಿಗ್ಗೆ

ಅಕ್ಕನ ಫೋನು ಇವತ್ತು ಅಕ್ಕಿ ಡಬ್ಬದ ಮೇಲೆ ಮಗುಚಿ ಬಿದ್ದಿತ್ತು. ಬಿದ್ದಿತ್ತು ಅಂದರೆ… ಇಟ್ಟಿದ್ದಳು. ನಾನು ಅಡುಗೆಮನೆಗೆ ಕಾಲಿಟ್ಟ ಕ್ಷಣಕ್ಕೆ. ಯಾವಾಗಲೂ ಫೋನನ್ನು ಒಲೆಯ ಪಕ್ಕ ಗೋಡೆಗೆ ಒರಗಿಸಿಕೊಂಡು, ಅಮ್ಮನ ಜೊತೆ ಮಾತಾಡುತ್ತಲೇ ಒಗ್ಗರಣೆ ಹಾಕುವವಳು. ಇವತ್ತು ನನ್ನ ಹೆಜ್ಜೆ ಕೇಳಿ ಮಾತೇ ನಿಂತಿತು.

“ಯಾರಕ್ಕ?”

“ಯಾರೂ ಇಲ್ಲ. ಕಾಫಿ ಕುಡೀತೀಯಾ?”

“ಬೇಡ.”

ಲೋಟ ಕೈಗಿಟ್ಟಳು. ಕುಡಿದೆ.

ಅಮೆರಿಕಕ್ಕೆ, ಸಿಯಾಟಲ್ ಪಕ್ಕದ ಈ ಟೋಟೆಮ್ ಲೇಕಿಗೆ ಬಂದು ಏಳು ವಾರ. ಎಂ.ಎ. ಮುಗಿದಿದೆ, ಕೆಲಸ ಸಿಕ್ಕಿಲ್ಲ, ಅಕ್ಕನ ಮನೆ ನೋಡಿಕೊಂಡು ಬರಲಿ — ಊರಲ್ಲಿ ಎಲ್ಲರಿಗೂ ಹೇಳಿದ್ದು ಇದು. ನಿಜವಾದ ಕಾರಣ ಪೃಥ್ವಿ. ಮೈಸೂರಿನವನು, ಸಾಫ್ಟ್‌ವೇರ್, ಇಲ್ಲೇ ಕ್ರಾಸ್‌ರೋಡ್ಸ್ ಹತ್ತಿರ ಅಪಾರ್ಟ್‌ಮೆಂಟು. ಮದುವೆ ಸೈಟಿನ ಪ್ರೊಫೈಲಿನಲ್ಲಿ ‘ಶುದ್ಧ ಸಸ್ಯಾಹಾರಿ, ಯಾವ ಅಭ್ಯಾಸವೂ ಇಲ್ಲ’. ಎರಡು ಸಲ ಮನೆಗೆ ಬಂದಿದ್ದಾನೆ. ಎರಡು ಸಲವೂ ಸುಹಾಸ್ ಭಾವನ ಜೊತೆ ಕಾರಿನ ಮಾತು. ನನ್ನ ಜೊತೆ, “ವೆದರ್ ಅಡ್ಜಸ್ಟ್ ಆಯ್ತಾ?” ಜೂನ್ ಹತ್ತಕ್ಕೆ ನನ್ನ ಫ್ಲೈಟ್. ಅಷ್ಟರಲ್ಲಿ ನಾನು ಹೂಂ ಅನ್ನಬೇಕು, ಅಥವಾ ಉಹೂಂ.

ಕೆಟ್ಟವನಂತೆ ಕಾಣುವುದಿಲ್ಲ. ಅದೇ ತೊಂದರೆ.

ಅದೇ ದಿನ, ಮಧ್ಯಾಹ್ನ

ಪೃಥ್ವಿ ಮೆಸೇಜ್ ಮಾಡಿದ್ದಾನೆ. ನನಗಲ್ಲ, ಅಕ್ಕನಿಗೆ. ಶನಿವಾರ ಸಿಯಾಟಲ್‌ನಲ್ಲಿ ಬೇಕನ್ ಆಂಡ್ ಬಿಯರ್ ಫೆಸ್ಟಿವಲ್ ಇದೆಯಂತೆ, ನನ್ನನ್ನು ಕರೆದುಕೊಂಡು ಹೋಗಬಹುದಾ ಅಂತ.

ಹಂದಿ ಮಾಂಸ ಮತ್ತು ಬಿಯರ್. ಶುದ್ಧ ಸಸ್ಯಾಹಾರಿ.

ಅಕ್ಕ ಒಂದೇ ಏಟಿಗೆ ಒಪ್ಪಿದಳು. ಮೊಟ್ಟೆ ಹಾಕಿದ ಕೇಕನ್ನೇ ಬಾಗಿಲಿನಿಂದ ಆಚೆ ಇಡಿಸುವವಳು! “ಅಲ್ಲಿ ಮ್ಯೂಸಿಕ್ ಇರತ್ತಂತೆ, ಆಟ ಇರತ್ತಂತೆ, ಸುಮ್ನೆ ಸುತ್ತಾಡ್ಕೊಂಡ್ ಬಾರೇ,” ಎಂದಳು. ಆಮೇಲೆ ನನ್ನ ಕಡೆ ನೋಡದೆ, ಸೊಪ್ಪು ಬಿಡಿಸುತ್ತಾ, “ಏನ್ ಕೊಟ್ರೂ ಬೇಡ ಅನ್ನು. ಎಷ್ಟ್ ಸಲ ಕೇಳಿದ್ರೂ.”

“ಅವನು ಯಾಕೆ ಕೊಡ್ತಾನೆ?”

“ಕೊಟ್ರೆ ಅಂತ ಹೇಳಿದ್ದು ಕಣೇ.”

ಭಾವ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಆದರೆ ಟೈಪ್ ಮಾಡುವುದನ್ನು ನಿಲ್ಲಿಸಿದ್ದರು.

ಮೇ 10, ಶನಿವಾರ. ಸಂಜೆ 6

ಬಂದೆ. ತಲೆ ಸ್ನಾನ ಆಯಿತು. ಕೂದಲಿನಿಂದ ಇನ್ನೂ ಹೊಗೆ ವಾಸನೆ ಹೋಗಿಲ್ಲ.

ಆಟ ಇಲ್ಲದ ದಿನ ಸ್ಟೇಡಿಯಂ ಬಾಡಿಗೆಗೆ ಕೊಡುತ್ತಾರೆ, ಹುಲ್ಲಿನ ಸುತ್ತ ಸ್ಟಾಲುಗಳು. ಗೇಟಿನಲ್ಲಿ ಪಾಸ್‌ಪೋರ್ಟ್ ತೋರಿಸಿದೆ. ಇಪ್ಪತ್ತೊಂದು ದಾಟದವರನ್ನು ಒಳಗೆ ಬಿಡುವುದಿಲ್ಲ; ನನಗೆ ಇಪ್ಪತ್ತಮೂರು ಎಂದು ನಂಬಿಕೆಯಾಗದೆ ಗಾರ್ಡು ಎರಡು ಸಲ ಮುಖ ನೋಡಿದ. ಕೈಗೆ ಕಿತ್ತಳೆ ಪಟ್ಟಿ. ಕುತ್ತಿಗೆಗೆ ದಾರದಲ್ಲಿ ತೂಗುಹಾಕಿಕೊಳ್ಳುವ ಪುಟ್ಟ ಲೋಟ — ಮಕ್ಕಳಿಗೆ ಟಾನಿಕ್ ಕುಡಿಸುವ ಅಳತೆಯದು. ಯಾವ ಸ್ಟಾಲಿನಲ್ಲಿ ಏನಿದೆ ಎಂದು ತಿಳಿಸುವ ಮಡಿಸಿದ ನಕ್ಷೆ. ಚೀಲಕ್ಕೆ ತುರುಕಿಕೊಂಡೆ.

ಮೊದಲು ಸಿಕ್ಕಿದ್ದು ವಾಸನೆ. ಬೆಲ್ಲ ಪಾಕಕ್ಕೆ ಬಂದ ಹಾಗೆ, ಅದರ ಮೇಲೆ ಕಟ್ಟಿಗೆಯ ಹೊಗೆ, ಎಲ್ಲದರ ಕೆಳಗೆ ನನಗೆ ಹೆಸರು ಗೊತ್ತಿಲ್ಲದ ಒಂದು ಜಿಡ್ಡು. ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ ಅಂದುಕೊಂಡು ದುಪಟ್ಟಾ ಹಾಕಿಕೊಂಡು ಹೋಗಿದ್ದೆ. ಮುಚ್ಚಿಕೊಳ್ಳಲಿಲ್ಲ.

ಬೇಕನ್ ಸುತ್ತಿದ ಖರ್ಜೂರ. ಚಾಕೊಲೇಟಿನಲ್ಲಿ ಅದ್ದಿ ಒಣಗಿಸಿದ ಬೇಕನ್. ಬೇಕನ್ ಪುಡಿ ಉದುರಿಸಿದ ಡೋನಟ್. ಐಸ್‌ಕ್ರೀಮಿಗೂ ಹಾಕಿದ್ದರು, ಅತಿ ಉದ್ದದ ಸಾಲು ಅಲ್ಲೇ. ಅಪ್ಪ, ಅಮ್ಮ, ಮಗ ಮೂವರೂ ಒಂದೇ ಗುಲಾಬಿ ಬಣ್ಣದ ಹಂದಿಕಿವಿ ಟೋಪಿ ಹಾಕಿಕೊಂಡು ತಿಂದ ಒಂದೊಂದಕ್ಕೂ ತುಂಬ ಗಂಭೀರವಾಗಿ ಅಂಕ ಕೊಡುತ್ತಿದ್ದರು. ಮಗನಿಗೂ ಗಡ್ಡ ಬಂದಿತ್ತು. ಅದನ್ನು ಪೃಥ್ವಿಗೆ ತೋರಿಸಿದೆ. ನಕ್ಕ. ನಗುವಾಗ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಕಾಣುತ್ತದೆ. ಇಷ್ಟವಾಯಿತು, ಬರೆದುಬಿಡುತ್ತೇನೆ.

ಆದರೆ.

“ಒಂದ್ ಟ್ರೈ ಮಾಡಿ.”

“ಬೇಡ.”

“ಬರೀ ಡೋನಟ್. ಮೇಲಿರೋದನ್ನ ತೆಗೆದ್ಬಿಟ್ರೆ ಆಯ್ತು.”

“ಬೇಡ.”

“ಹಾಗಿದ್ರೆ ಈ ಬಿಯರ್? ಮಾವಿನಹಣ್ಣಿಂದು. ಜ್ಯೂಸ್ ಥರಾನೇ ಇರತ್ತೆ.”

“ಬೇಡ, ಪರವಾಗಿಲ್ಲ.”

“ಯಾರಿಗೂ ಗೊತ್ತಾಗಲ್ಲ ರೀ. ನಾನಂತೂ ಹೇಳಲ್ಲ.”

ಹಾಗೆ ಹೇಳಿ ನನ್ನ ಬಾಯಿ ನೋಡಿದ. ಮುಖವಲ್ಲ, ಬಾಯಿ.

ಅವನ ಲೋಟದಲ್ಲಿ ಬಿಯರ್ ಇತ್ತು. ಒಂದು ಗಂಟೆ ಕೈಯಲ್ಲಿ ಹಿಡಿದಿದ್ದ, ನಡುನಡುವೆ ತುಟಿಗೆ ತಾಗಿಸುತ್ತಿದ್ದ. ಮಟ್ಟ ಇಳಿಯಲಿಲ್ಲ. ಪ್ರತಿ ಸ್ಟಾಲು ದಾಟಿದ ಮೇಲೂ ಫೋನ್ ತೆಗೆದು ಏನೋ ಟೈಪ್ ಮಾಡುತ್ತಿದ್ದ. “ಆನ್‌ಕಾಲ್ ಇದೀನಿ, ಸಾರಿ,” ಎಂದ. ಕೆಲಸದ ಮೆಸೇಜ್ ಟೈಪ್ ಮಾಡುವವರು ಹುಬ್ಬು ಗಂಟಿಕ್ಕುತ್ತಾರೆ, ಭಾವನನ್ನು ದಿನಾ ನೋಡುತ್ತೇನೆ. ಇವನು ಮುಗುಳ್ನಗುತ್ತಿದ್ದ.

ಇನ್ನೊಂದು. ಕೊನೆಯ ಸಾಲಿನ ಬಿಯರ್ ಸ್ಟಾಲಿನ ಗಡ್ಡದವನು ಇವನನ್ನು ಕಂಡು ಎರಡೂ ಕೈ ಎತ್ತಿದ. “ಹೇ ಪಿ! ವೇರ್ ಹ್ಯಾವ್ ಯು ಬೀನ್? ದ ಯೂಷುವಲ್?” ಪೃಥ್ವಿ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದಿದ್ದು ಎನ್ನುವ ಹಾಗೆ. ಹಿಂದೆ ಯಾರೂ ಇರಲಿಲ್ಲ.

ಮತ್ತೂ ಒಂದು ನಡೆಯಿತು. ಇವತ್ತು ಬರೆಯಲು ಆಗುತ್ತಿಲ್ಲ.

ಮೇ 11, ಭಾನುವಾರ

ಬರೆಯುತ್ತೇನೆ. ಯಾರು ಓದುತ್ತಾರೆ.

ತಿಂದೆ.

ಅವನು ಫೋನ್ ಹಿಡಿದು ಗೇಟಿನ ಕಡೆ ಹೋಗಿದ್ದ. ಮೂಲೆಯ ಸ್ಟಾಲಿನಲ್ಲಿ ಬಿಳಿಕೂದಲಿನ ಹೆಂಗಸು, ಏಪ್ರನ್ ಮೇಲೆ ಎಣ್ಣೆ ಕಲೆ. ಸಣ್ಣ ಬ್ರೆಡ್ ತುಂಡು, ಮೇಲೆ ಕಂದು ಬಣ್ಣದ ತೆಳ್ಳನೆ ಪಟ್ಟಿ, ಕಡ್ಡಿ ಚುಚ್ಚಿದ್ದು. ‘ಟ್ರೈ ಮಾಡು’ ಅನ್ನಲಿಲ್ಲ. ನನ್ನ ಮುಂದೆ ಒಂದು ತಟ್ಟೆ ಇಟ್ಟು ಬೇರೆ ಕೆಲಸಕ್ಕೆ ತಿರುಗಿದಳು. ಅಷ್ಟೇ. ಬೇಡ ಅನ್ನಲು ಯಾರೂ ಎದುರಿಗಿರಲಿಲ್ಲ. ಕೈ ತಾನೇ ಹೋಯಿತು.

ಅಗಿಯಲಿಲ್ಲ, ಹೆಚ್ಚುಕಡಿಮೆ ನುಂಗಿದೆ. ಹೊಗೆ, ಸಿಹಿ, ಉಪ್ಪು. ಕಣ್ಣಲ್ಲಿ ನೀರು ಬಂತು. ಅವನು ವಾಪಸ್ ಬಂದಾಗ, “ಹೊಗೆ ಜಾಸ್ತಿ,” ಅಂದೆ.

ಬೆಳಿಗ್ಗೆ ಅಕ್ಕ ದೀಪ ಹಚ್ಚು ಅಂದಳು. ನಾನು ಆಗಲ್ಲ ಅಂದೆ, ಮುಟ್ಟು ಎಂಬ ಧಾಟಿಯಲ್ಲಿ. ಅವಳು ಬೆರಳು ಮಡಿಸಿ ಎಣಿಸಿದಳು. “ಹೋದ ವಾರ ತಾನೇ ಆಗಿತ್ತು?”

“ಇಲ್ಲಿನ ಹವಾ,” ಅಂದೆ.

ನಂಬಲಿಲ್ಲ. ಆದರೆ ಕೇಳಲೂ ಇಲ್ಲ. ಅವಳು ಯಾವತ್ತೂ ಕೇಳದೆ ಬಿಡುವವಳಲ್ಲ. ನನಗೆ ಬೇಸರವಾಗದ ಹಾಗೆ ನೋಡಿಕೊಳ್ಳುತ್ತಿದ್ದಾಳೆ. ಯಾಕೆ?

ಮೇ 14, ಬುಧವಾರ. ರಾತ್ರಿ ಊಟಕ್ಕೆ ಮುಂಚೆ

ಗೊತ್ತಾಯಿತು.

ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಪಕ್ಕದ ರೂಮಿನಲ್ಲಿ ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿದ್ದಳು, ನಾನು ವಾಕಿಂಗ್ ಹೋಗಿದ್ದೇನೆ ಅಂದುಕೊಂಡು. ಪೃಥ್ವಿಯ ಅಮ್ಮ, ವಸಂತಲಕ್ಷ್ಮಿ. ಮೈಸೂರಿನಿಂದ. ಧ್ವನಿ ದೊಡ್ಡದು.

“ಎಂಟು ಸಲ ಕೊಟ್ನಂತೆ ಕಣಮ್ಮ. ಎಂಟು ಸಲಾನೂ ಬೇಡ ಅಂದ್ಳಂತೆ! ನಂಗೆ ಅಲ್ಲಿಂದಲೇ ಒಂದೊಂದಕ್ಕೂ ಮೆಸೇಜ್ ಹಾಕ್ತಿದ್ದ. ನಿದ್ದೇನೇ ಮಾಡ್ಲಿಲ್ಲ ನಾನು. ಹೋದ ವರ್ಷ ಬಂದಿತ್ತಲ್ಲ ಆ ಹುಡುಗಿ, ಎರಡನೇ ಸಲಕ್ಕೇ ಬಿಯರ್ ಲೋಟ ಎತ್ಕೊಂಡ್ಬಿಟ್ಳು. ಅಲ್ಲಿಗೇ ಮುಗೀತು. ನಿಮ್ಮ ತಂಗಿ ಅಪ್ಪಟ ಚಿನ್ನ.”

ಅಕ್ಕ ನಕ್ಕಳು. “ನಾನ್ ಹೇಳಿರ್ಲಿಲ್ವಾ ಅತ್ತೆ?”

ಅತ್ತೆ!

ಬಟ್ಟೆ ಕೈಯಲ್ಲೇ ಹಿಡಿದು ಬಾಗಿಲಿಗೆ ಹೋಗಿ ನಿಂತೆ. ಅಕ್ಕ ಫೋನ್ ಮಗುಚಲಿಲ್ಲ ಈ ಸಲ. ಕಟ್ ಮಾಡಿದಳು.

“ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು ಕಣೇ. ಹೇಳಿದ್ರೆ ನೀನು ಹೋಗ್ತಿರ್ಲಿಲ್ಲ. ಹೋದ್ರೂ ಮುಖದಲ್ಲೇ ಎಲ್ಲಾ ಬರ್ದಿರತ್ತೆ ನಿಂದು.” ಆಮೇಲೆ ನನ್ನ ಕೈಯಿಂದ ಬಟ್ಟೆ ಇಸಕೊಂಡು ತಾನೇ ಮಡಿಸತೊಡಗಿದಳು. “ಎಂಟು ವರ್ಷ ಆಯ್ತು ನಾನಿಲ್ಲಿಗೆ ಬಂದು. ಜ್ವರ ಬಂದ್ರೆ ಗಂಜಿ ಮಾಡ್ಕೊಡೋಕೆ ಒಬ್ರಿಲ್ಲ. ಕ್ರಾಸ್‌ರೋಡ್ಸ್ ಇಲ್ಲಿಂದ ಹದಿನೈದ್ ನಿಮಿಷ, ನಿಸರ್ಗ. ಹದಿನೈದೇ ನಿಮಿಷ.”

ಬೈಯಬೇಕು ಅಂದುಕೊಂಡಿದ್ದೆ. ಆಗಲಿಲ್ಲ.

ಎಂಟು ಬೇಡ. ಅದರಲ್ಲಿ ನಿಜವಾದ ಬೇಡ ಎಷ್ಟು? ನಮ್ಮಲ್ಲಿ ಯಾರ ಮನೆಗೆ ಹೋದರೂ ಮೊದಲ ಎರಡು ಸಲ ಬೇಡ ಅನ್ನಲೇಬೇಕು, ಬಾಯಿ ಒಣಗಿದ್ದರೂ. ಮೂರನೆಯದಕ್ಕೆ ತೆಗೆದುಕೊಳ್ಳಬೇಕು. ಮೈಸೂರಿನವರಾಗಿ ಅವರಿಗೆ ಇದು ಗೊತ್ತಿಲ್ಲವೇ? ನನ್ನ ಸಂಕೋಚಕ್ಕೆಲ್ಲ ಅಂಕ ಕೊಟ್ಟುಬಿಟ್ಟಿದ್ದಾರೆ.

ಮೇ 15, ಗುರುವಾರ

ಪೃಥ್ವಿ ಫೋನ್ ಮಾಡಿದ. ಧ್ವನಿ ಬೇರೆಯೇ, ಹಗುರ.

“ಈಗ ಫ್ರೀಯಾಗಿ ಮಾತಾಡಬಹುದು ನೋಡಿ. ಟೆಸ್ಟ್ ಅಂತೆಲ್ಲ ಅನ್ಕೋಬೇಡಿ ಪ್ಲೀಸ್. ಅಮ್ಮನ ಸಮಾಧಾನಕ್ಕೆ.”

ಗಡ್ಡದವನ ಬಗ್ಗೆ ಕೇಳಿದೆ. ನಕ್ಕ. ಸಂದಿ ಕಾಣದಿದ್ದರೂ ಕಂಡ ಹಾಗಾಯಿತು.

“ಅಯ್ಯೋ, ಅಬ್ಸರ್ವ್ ಮಾಡ್ಬಿಟ್ರಾ! ಸೋಷಿಯಲಿ ತಗೋತೀನಿ ರೀ. ಬೇಕನ್ನೂ ತಿಂತೀನಿ, ಟೀಮ್ ಲಂಚ್‌ನಲ್ಲಿ. ಅಮ್ಮಂಗೆ ಗೊತ್ತಿಲ್ಲ. ಆವತ್ತು ಮಾತ್ರ ಏನೂ ಮುಟ್ಲಿಲ್ಲ, ನಿಮ್ಮೇಲೆ ಕಾನ್ಸಂಟ್ರೇಟ್ ಮಾಡ್ಬೇಕಿತ್ತಲ್ಲ.”

“ಮತ್ತೆ ನನಗೆ ಯಾಕೆ…”

“ಮನೇಲಿ ಒಬ್ರಾದ್ರೂ ಕರೆಕ್ಟಾಗಿರ್ಬೇಕಲ್ವಾ?”

ತಮಾಷೆಗೆ ಹೇಳಿದ್ದಲ್ಲ. ವಿಶ್ವಾಸದಿಂದ ಹೇಳಿದ. ನನ್ನನ್ನು ಹೊಗಳಿದ ಹಾಗೆ.

ಫೋನ್ ಇಟ್ಟ ಮೇಲೆ ಚೀಲ ಖಾಲಿ ಮಾಡಿದೆ, ಸುಮ್ಮನೆ ಕೈಗೆ ಕೆಲಸ ಬೇಕಾಗಿ. ಆ ನಕ್ಷೆ ಸಿಕ್ಕಿತು. ಮೂಲೆಯ ಸ್ಟಾಲು, ನಂಬರ್ ಮೂವತ್ತೊಂದು. ಪಕ್ಕದಲ್ಲಿ ಹಸಿರು ಎಲೆಯ ಗುರುತು. ಕೆಳಗೆ ಸಣ್ಣ ಅಕ್ಷರ: ಇಡೀ ಮೇಳದಲ್ಲಿ ಇದೊಂದೇ ವೀಗನ್ ಸ್ಟಾಲು, ಮಾಂಸ ಹಾಲು ಯಾವುದೂ ಇಲ್ಲ; ಹೊಗೆಯಲ್ಲಿ ಹದ ಮಾಡಿದ ತೆಂಗಿನಕಾಯಿ, ಮೇಪಲ್ ಪಾಕ, ಮೆಣಸು.

ಕೊಬ್ಬರಿ.

ಐದು ದಿನ ದೇವರ ಮನೆಯ ಕಡೆ ತಲೆ ಹಾಕದೆ, ನಿದ್ದೆಯಿಲ್ಲದೆ ಒದ್ದಾಡಿದ್ದು ಕೊಬ್ಬರಿಗೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಕ್ಕೆ. ನಗು ನಿಂತ ಮೇಲೂ ಅಲ್ಲೇ ಕೂತಿದ್ದೆ.

ಹಾಗಾದರೆ ನಾನು ಈಗಲೂ ಅಪ್ಪಟ ಚಿನ್ನ. ಒಂದು ಗೆರೆಯೂ ಬಿದ್ದಿಲ್ಲ. ಯಾಕೋ ಖುಷಿಯಾಗಲಿಲ್ಲ. ತಿಂದದ್ದು ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ಹಂದಿ ಅಂದುಕೊಂಡೇ ಕೈ ಚಾಚಿದ್ದೆ.

ಮೇ 16, ಶುಕ್ರವಾರ

ಅಕ್ಕನಿಗೆ ಹೇಳಿದೆ. ಸಿಂಕಿನ ಹತ್ತಿರ, ಪಾತ್ರೆ ಒರೆಸುತ್ತಾ. “ನಂಗೆ ಪೃಥ್ವಿ ಬೇಡ.”

ಅವಳು ತಿರುಗಿಯೂ ನೋಡಲಿಲ್ಲ. “ಕಾಫಿಗೂ ಮೊದ್ಲು ಬೇಡ ಅಂತೀಯಾ ನೀನು.”

“ಅದಲ್ಲಕ್ಕ. ನಿಜವಾಗ್ಲೂ.”

“ನಾಚ್ಕೆ ಕಣೇ. ನಂಗೂ ಹಿಂಗೇ ಆಗಿತ್ತು.” ಭಾವನ ಕಡೆ ಕೂಗಿದಳು. “ರೀ, ನಿಮ್ ನಾದಿನಿ ನಾಚ್ಕೋತಿದ್ದಾಳೆ ನೋಡಿ!”

ಭಾವ ಒಂದು ಕ್ಷಣ ನನ್ನನ್ನೇ ನೋಡಿದರು. ಏನೋ ಹೇಳುತ್ತಾರೆ ಅಂದುಕೊಂಡೆ. “ನಾಳೆ ಕಾಲ್ ಎಷ್ಟೊತ್ತಿಗೆ?” ಎಂದರು.

ನಾಳೆ ಸಂಜೆ ಏಳೂವರೆ. ಅಲ್ಲಿ ಭಾನುವಾರ ಬೆಳಿಗ್ಗೆ. ಅಪ್ಪ, ಅಮ್ಮ, ವಸಂತಲಕ್ಷ್ಮಿ, ಅವರ ಯಜಮಾನರು, ಕ್ರಾಸ್‌ರೋಡ್ಸಿನಿಂದ ಪೃಥ್ವಿ. ಎಲ್ಲರೂ ಒಂದೇ ಕಾಲ್‌ನಲ್ಲಿ ಕೂತು ನಿಶ್ಚಿತಾರ್ಥದ ದಿನ ಗೊತ್ತುಮಾಡುವುದು.

ರಾತ್ರಿ ಅಮ್ಮನಿಗೂ ಹೇಳಿ ನೋಡಿದೆ. ಅಮ್ಮ, “ಹೂಂ, ಹೂಂ, ಆಮೇಲೆ ಸರಿಹೋಗತ್ತೆ ಪುಟ್ಟಿ,” ಎಂದರು.

ನನ್ನ ಬೇಡವನ್ನು ಯಾರೂ ಕೇಳುವುದಿಲ್ಲ. ತಪ್ಪು ಅವರದ್ದೊಂದೇ ಅಲ್ಲ. ಹುಟ್ಟಿದಾಗಿನಿಂದ ಎಲ್ಲದಕ್ಕೂ ಬೇಡ ಅಂದು ಎಲ್ಲವನ್ನೂ ತೆಗೆದುಕೊಂಡಿದ್ದೇನೆ.

ಮೇ 17, ಶನಿವಾರ. ಸಂಜೆ 7.15

ಇನ್ನೂ ಬಿಸಿಲಿದೆ. ಅಕ್ಕ ಹಸಿರು ಸೀರೆ ಉಡಿಸಿದ್ದಾಳೆ. ಸೆರಗಿನ ಪಿನ್ ಹಾಕುವಾಗ ಅವಳ ಕೈ ತಣ್ಣಗಿತ್ತು. ಅವಳಿಗೆ ಇವತ್ತು ತುಂಬ ಅವಮಾನವಾಗುತ್ತದೆ. ಎಷ್ಟು ದಿನ ಮಾತು ಬಿಡುತ್ತಾಳೋ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಬೇಡ ಅನ್ನುವುದಿಲ್ಲ. ಅದನ್ನು ಸಂಕೋಚದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ವಸಂತಲಕ್ಷ್ಮಿಯವರು ಎಂಟರ ಕಥೆ ಮತ್ತೆ ಶುರುಮಾಡುತ್ತಾರೆ, ಖಂಡಿತ. ಅವರು ಮುಗಿಸಲಿ. ಆಮೇಲೆ ಹೇಳುತ್ತೇನೆ. ಆವತ್ತು ಅವರ ಮಗ ಆ ಕಡೆ ಹೋದಾಗ ನಾನು ತಿಂದೆ ಅಂತ. ಯಾರೂ ಒತ್ತಾಯ ಮಾಡಿರಲಿಲ್ಲ ಅಂತ.

ಕೊಬ್ಬರಿಯ ವಿಷಯ ಹೇಳುವುದಿಲ್ಲ. ಹೇಳಿದರೆ ಎಲ್ಲರೂ ನಕ್ಕುಬಿಡುತ್ತಾರೆ, ದಿನ ಗೊತ್ತಾಗುತ್ತದೆ. ಅಕ್ಕನಿಗೂ ಹೇಳುವುದಿಲ್ಲ. ನಕ್ಷೆ ಹರಿದು ಹಾಕಿಯಾಯಿತು.

ಯಾಕೆ ತಿಂದೆ ಎಂದು ಅಪ್ಪ ಕೇಳುತ್ತಾರೆ. ಆಸೆಯಾಯಿತು ಎನ್ನುತ್ತೇನೆ. ಅಷ್ಟೇ, ಮುಂದೆ ಒಂದು ಮಾತೂ…

ಅಕ್ಕ ಕರೆಯುತ್ತಿದ್ದಾಳೆ. ಸ್ಕ್ರೀನಿನಲ್ಲಿ ಆಗಲೇ ಎಲ್ಲರೂ ಬಂದು —