ಇಂಜಿನ್ ಶುರುವಾಗುವ ಮೊದಲೇ ಫೇಲ್

ಅಕ್ಕ,

ಮೂವತ್ತೊಂದು ವರ್ಷಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ಕಾರಿನ ಇಂಜಿನ್ ಶುರುವಾಗುವ ಮೊದಲೇ ನಿನ್ನನ್ನು ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲ್ ಮಾಡಿದರು. ಕುಳ್ಳಗಿದ್ದ ನೀನು ಸೀಟಿನ ಮೇಲೆ ದಿಂಬು ಹಾಕಿಕೊಂಡಿದ್ದೇ ಅಪರಾಧ. "ದಿಂಬು ತಂದಿದ್ದೀರಲ್ಲಮ್ಮ, ಮಲಗೋಕೆ ಬಂದ್ರಾ?" ಎಂದ ಇನ್‌ಸ್ಪೆಕ್ಟರ್ ನಗುತ್ತಲೇ ನಿನ್ನ ಅರ್ಜಿಯ ಮೇಲೆ ಗೀಟು ಎಳೆದ.

ಇವತ್ತು ಅದೇ ಪರೀಕ್ಷಾ ಮೈದಾನದಲ್ಲಿ ನಾನು ಪಾಸಾದೆ, ಐವತ್ತೆರಡನೇ ವಯಸ್ಸಿನಲ್ಲಿ. ರಿವರ್ಸ್ ತೆಗೆಯುವಾಗ ನಿನ್ನ ಹಾಗೆಯೇ ತುದಿನಾಲಿಗೆ ಹೊರಗೆ ಹಾಕಿಕೊಂಡಿದ್ದೆ. ಪರೀಕ್ಷೆ ಮಾಡಿದ ಹುಡುಗಿ, "ಇಷ್ಟು ಚೆನ್ನಾಗಿ ಓಡಿಸ್ತೀರಲ್ಲ ಆಂಟಿ, ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಎಂದಳು.

"ಪುಸ್ತಕ ಓದ್ತಿದ್ದೆ" ಎಂದೆ.

ಸುಳ್ಳೇನಲ್ಲ. ನೀನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಊಟದ ತಟ್ಟೆಯನ್ನೇ ಸ್ಟೇರಿಂಗ್ ಮಾಡಿಕೊಂಡು, ಲಟ್ಟಣಿಗೆಯಲ್ಲಿ ಗೇರ್ ಬದಲಿಸುತ್ತಿದ್ದಾಗ, ನಿಯಮಗಳ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದವಳು ನಾನೇ. "ಬ್ರೇಕ್ ಹಾಕೇ, ಒಲೆಗೆ ಗುದ್ದೀಯ!" ಎಂದು ಅಮ್ಮ ನಗುತ್ತಿದ್ದಳು. ಪುಸ್ತಕ ನನಗೆ ಬಾಯಿಪಾಠವಾಗಿತ್ತು. ದಿಂಬು ಕೂಡದೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಆ ಸೋಮವಾರ ನಾನು ಕಾರಿನ ಹಿಂದಿನ ಸೀಟಿನಲ್ಲೇ ಕೂತಿದ್ದೆ, ಆದರೂ ಅದನ್ನು ಇನ್‌ಸ್ಪೆಕ್ಟರಿಗೆ ಹೇಳಲಿಲ್ಲ.

ನೀನು ಮತ್ತೆ ಆ ಮೈದಾನಕ್ಕೆ ಕಾಲಿಡಲಿಲ್ಲ. "ಹೋಗ್ಲಿ ಬಿಡೇ" ಎಂದು ನೀನೇ ನನಗೆ ಹೇಳಿದೆ. ಹೋದ ವರ್ಷ ತೀರಿಕೊಳ್ಳುವವರೆಗೂ ನೀನು ಬಸ್ಸಿಗೇ ಕಾದೆ.

ಈಗ ಆ ಲೈಸೆನ್ಸ್ ಕಚೇರಿಯನ್ನು ಕೇಳುತ್ತಿದ್ದೇನೆ: ಯಾವ ನಿಯಮದ ಪ್ರಕಾರ ನನ್ನ ಅಕ್ಕನನ್ನು ಫೇಲ್ ಮಾಡಿದಿರಿ? ಉತ್ತರವನ್ನು ನನ್ನ ಮನೆಗೆ ಕಳಿಸಬೇಡಿ. ಗೇಟಿನ ಬಳಿಯ ನೋಟಿಸ್ ಬೋರ್ಡಿನಲ್ಲಿ, ಸರದಿಯಲ್ಲಿ ನಿಂತ ಪ್ರತಿಯೊಬ್ಬರಿಗೂ ಕಾಣುವ ಹಾಗೆ, ಅವಳ ಹೆಸರಿನ ಸಮೇತ ಅಂಟಿಸಿ.